ಗವಿಪುರದ ಕಥೆಗಾರ: ಮಾಸ್ತಿ ವೆಂಕಟೇಶ ಅಯ್ಯಂಗಾರ್

ಸುತ್ತಲ ಹಳ್ಳಿಗಳಿಂದ ನಸುಕಿನಲ್ಲೇ ಹೊರಟು, ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು, ಬೆಂಗಳೂರಿನ ವರ್ತನೆಯ ಮನೆಗಳಿಗೆ ಮೊಸರು ಅಳೆದುಕೊಟ್ಟು ಹೋಗುತ್ತಿದ್ದ ಹೆಂಗಸರು ಒಂದು ಕಾಲಕ್ಕೆ ಈ ನಗರದ ಬೆಳಗಿನ ಭಾಗವೇ ಆಗಿದ್ದರು. ಮೊಸರು ಕೊಟ್ಟು, ಎಲೆ ಅಡಿಕೆ ಹಾಕಿಕೊಂಡು, ಮನೆಯ ಗೃಹಿಣಿಯೊಡನೆ ನಾಲ್ಕು ಮಾತನಾಡಿ ಅವರು ಮುಂದೆ ಹೋಗುತ್ತಿದ್ದರು. ಆ ನಾಲ್ಕು ಮಾತಿನಲ್ಲಿ ಒಂದು ಇಡೀ ಸಂಸಾರದ ಕಥೆ ಅಡಗಿದೆ ಎಂದು ಕಂಡುಕೊಂಡವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. 'ಮೊಸರಿನ ಮಂಗಮ್ಮ' ಹುಟ್ಟಿದ್ದು ಹಾಗೆ.

ಕನ್ನಡದ ಸಣ್ಣಕಥೆಗೆ ನೆಲೆ ಒದಗಿಸಿದವರು ಎಂದು ಸಾಹಿತ್ಯ ಚರಿತ್ರೆ ಮಾಸ್ತಿಯವರನ್ನು ಗುರುತಿಸುತ್ತದೆ. ಜ್ಞಾನಪೀಠ ಪ್ರಶಸ್ತಿ ಪಡೆದ ನಾಲ್ಕನೆಯ ಕನ್ನಡ ಲೇಖಕ ಎಂದು ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಈ ಬಿರುದುಗಳ ಹಿಂದೆ ಇರುವ ಮನುಷ್ಯ ತನ್ನ ಬಾಳಿನುದ್ದಕ್ಕೂ ಮಾಡಿದ ಕೆಲಸ ಮಾತ್ರ ಸರಳವಾದದ್ದು. ತನ್ನ ನಾಡಿನ ಜನ ಏನನ್ನು ಉಣ್ಣುತ್ತಾರೆ, ಯಾವ ದೇವರಿಗೆ ಕೈ ಮುಗಿಯುತ್ತಾರೆ, ಯಾವ ಪುರಾಣವನ್ನು ನಂಬಿ ಬದುಕುತ್ತಾರೆ ಎಂಬುದನ್ನು ಅವರು ಕಥೆಯಾಗಿ ಹೇಳಿದರು. ಹೇಳದೆ ಬಿಟ್ಟರೆ ಅದು ಉಳಿಯುವುದಿಲ್ಲ ಎಂಬ ಅರಿವು ಅವರಿಗಿತ್ತು.

ಮಾಸ್ತಿಯಿಂದ ಮದರಾಸಿಗೆ

ವೆಂಕಟೇಶ ಅಯ್ಯಂಗಾರರು ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಬಾಲ್ಯದ ಊರು ಮಾಸ್ತಿ. ಗಂಡನೊಡನೆ ಪ್ರಾಣ ಬಿಟ್ಟ ಹೆಣ್ಣಿನ ನೆನಪಿಗೆ ನೆಟ್ಟ ಕಲ್ಲನ್ನು ಮಾಸ್ತಿಕಲ್ಲು ಎನ್ನುತ್ತಾರೆ. ಮಹಾಸತಿ ಎಂಬ ಮಾತು ಜನರ ಬಾಯಲ್ಲಿ ಸವೆದು ಮಾಸ್ತಿ ಆಗಿದೆ. ಮುಂದೆ ಕಥೆಗಾರನಾಗಬೇಕಿದ್ದ ಹುಡುಗನ ಹೆಸರಿಗೆ ಅಂಟಿಕೊಂಡ ಊರಿನ ಹೆಸರಿನಲ್ಲೇ ಒಂದು ಹಳೆಯ ಕಥೆಯಿತ್ತು.

ಮನೆತನ ಶ್ರೀವೈಷ್ಣವರದು, ಮನೆಮಾತು ತಮಿಳು. ಒಂದು ಕಾಲಕ್ಕೆ ಅನುಕೂಲವಾಗಿದ್ದ ಕುಟುಂಬ ಅವರ ಬಾಲ್ಯದ ವೇಳೆಗೆ ಬಡತನಕ್ಕೆ ಇಳಿದಿತ್ತು. ತಂದೆಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡ ಹುಡುಗ ಬಂಧುಗಳ ಆಸರೆಯಲ್ಲಿ ಊರಿಂದೂರಿಗೆ ಹೋಗಿ ಓದಿದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿ, 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಪಡೆದ. ಚಿನ್ನದ ಪದಕವೂ ಬಂತು. ಅದೇ ವರ್ಷ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಆಯ್ಕೆಯಾಗಿ ಸಂಸ್ಥಾನದ ಅಧಿಕಾರಿಯಾದ.

ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್, ಕಚೇರಿಯಲ್ಲೂ ಇಂಗ್ಲಿಷ್. ಇಂಥವರು ಬರೆಯಲು ಕೂತರೆ ಇಂಗ್ಲಿಷನ್ನೇ ಹಿಡಿಯುವುದು ಆ ಕಾಲದ ರೂಢಿಯಾಗಿತ್ತು. ಮಾಸ್ತಿಯವರು ಹಿಡಿದದ್ದು ಕನ್ನಡವನ್ನು. ಯಾರ ಬದುಕನ್ನು ಹೇಳಬೇಕೋ ಅವರ ಮಾತಿನಲ್ಲೇ ಹೇಳಬೇಕು ಎಂಬುದು ಅವರ ನಿಲುವಾಗಿತ್ತು. ಮುಂದೆ ಕನ್ನಡದ ಆಸ್ತಿ ಎಂದು ನಾಡು ಅವರನ್ನು ಕರೆದದ್ದರಲ್ಲಿ ಪ್ರಾಸದ ಚಪಲಕ್ಕಿಂತ ಹೆಚ್ಚಿನ ಅರ್ಥವಿದೆ.

ಹಬ್ಬದೂಟದ ಕರಿಗಡುಬು

ಅಧಿಕಾರಿಯ ಕೆಲಸವೆಂದರೆ ಸುತ್ತಾಟ. ಸಂಸ್ಥಾನದ ಅನೇಕ ಜಿಲ್ಲೆಗಳಲ್ಲಿ ಅವರು ಕೆಲಸ ಮಾಡಿದರು, ಜಿಲ್ಲಾಧಿಕಾರಿಯ ಹುದ್ದೆಯವರೆಗೆ ಏರಿದರು. ಕಂದಾಯದ ಲೆಕ್ಕ ನೋಡಲು ಹೋದಲ್ಲಿ ಪಟೇಲರು, ಶಾನುಭೋಗರು, ಅರ್ಚಕರು, ರೈತರು, ವಿಧವೆಯರು, ಹಾಡುಗಾರರು ಎದುರಾದರು. ಹಗಲು ಅರ್ಜಿಯ ಕಾಗದದಲ್ಲಿ ಕಂಡ ಜನ ರಾತ್ರಿ ಕಥೆಯ ಕಾಗದಕ್ಕೆ ಬಂದರು. ಸರ್ಕಾರಿ ನೌಕರರಾದ ಅವರು 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಬರೆದರು. ಅವರ ಮೊದಲ ಸಂಕಲನ 'ಕೆಲವು ಸಣ್ಣ ಕಥೆಗಳು' 1920ರಲ್ಲಿ ಪ್ರಕಟವಾಯಿತು.

ಮೊದಮೊದಲ ಕಥೆಗಳಲ್ಲಿ ಒಂದಾದ 'ರಂಗನ ಮದುವೆ'ಯನ್ನು ಈಗ ಓದಿದರೂ ಮಾಸ್ತಿಯವರ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಕಥೆ ಹೇಳುವವನು ಹೊಸಹಳ್ಳಿಯ ಶ್ಯಾಮ. ತನ್ನ ಊರನ್ನು ಯಾವ ಭೂಪಟದಲ್ಲೂ ಗುರುತಿಸಿಲ್ಲ ಎಂಬುದು ಅವನ ಮೊದಲ ದೂರು. ಸೀಮೆಯ ಸಾಹೇಬರೂ ಬರೆಯಲಿಲ್ಲ, ನಮ್ಮ ಪಂಡಿತರೂ ಬರೆಯಲಿಲ್ಲ. ಆದರೆ ಹಬ್ಬದೂಟಕ್ಕೆ ಕರಿಗಡುಬು ಹೇಗೋ ಮೈಸೂರು ಸೀಮೆಗೆ ತನ್ನ ಊರು ಹಾಗೆ ಎಂದು ಅವನು ಹೆಮ್ಮೆಪಡುತ್ತಾನೆ. ಊರಿನ ಮಾವಿನಕಾಯಿಯ ಹುಳಿ ನೆತ್ತಿಗೆ ಏರುವ ಬಗೆ, ಊಟದ ಎಲೆಗೆ ಒದಗುವ ಕೊಳದ ಬಳ್ಳಿ, ಎಲ್ಲವೂ ಅವನಿಗೆ ಹೇಳಬೇಕಾದ ಸಂಗತಿಗಳೇ.

ಬೆಂಗಳೂರಿನಲ್ಲಿ ಓದಿ ಬಂದ ರಂಗ ತನಗೆ ಮೆಚ್ಚಿಗೆಯಾದ, ವಯಸ್ಸಿಗೆ ಬಂದ ಹುಡುಗಿಯನ್ನು ಮಾತ್ರ ಮದುವೆಯಾಗುವೆನೆಂದು ಹಟ ಹಿಡಿಯುತ್ತಾನೆ. ಶ್ಯಾಮ ಉಪಾಯ ಹೂಡಿ, ಊರಿನ ಶಾಸ್ತ್ರಿಗಳನ್ನೂ ಜತೆಗೂಡಿಸಿಕೊಂಡು, ಹನ್ನೊಂದು ವರ್ಷದ ರತ್ನಳೊಡನೆ ಅವನ ಮದುವೆ ಮಾಡಿಸುತ್ತಾನೆ. ಇಂದಿನ ಓದುಗರಿಗೆ ಆ ವಯಸ್ಸು ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ನೂರು ವರ್ಷದ ಹಿಂದಿನ ಊರು ಹೇಗಿತ್ತೋ ಹಾಗೆಯೇ ಅದು ಕಥೆಯಲ್ಲಿ ನಿಂತಿದೆ. ಹೊಸ ವಿದ್ಯೆಯ ಹಟ, ಹಳೆಯ ಊರಿನ ಜಾಣತನ, ಜ್ಯೋತಿಷ್ಯದ ನಂಬಿಕೆ ಮತ್ತು ಅದರ ಸೋಗು ಒಂದೇ ಜಗಲಿಯ ಮೇಲೆ ಕೂತಿವೆ. ಈ ಕಥೆ ಇಂಗ್ಲಿಷಿಗೆ ಅನುವಾದಗೊಂಡು ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಪಠ್ಯಕ್ಕೂ ಸೇರಿತು. ಭೂಪಟದಲ್ಲಿ ಇಲ್ಲದ ಊರನ್ನು ದೇಶದ ಮಕ್ಕಳು ಓದಿದರು.

'ಮೊಸರಿನ ಮಂಗಮ್ಮ'ದಲ್ಲಿ ಈ ಕಲೆ ಇನ್ನೂ ಹದಗೊಂಡಿದೆ. ಮೊಮ್ಮಗನನ್ನು ಸೊಸೆ ಹೊಡೆದಳೆಂದು ಜಗಳವಾಗಿ, ಮಗನಿಂದ ಬೇರೆಯಾದ ಮಂಗಮ್ಮ ಒಂಟಿಯಾಗಿ ಬದುಕಲು ಹೊರಡುತ್ತಾಳೆ. ಯಾರಿಗಾಗಿ ಕೂಡಿಡಬೇಕು ಎಂದುಕೊಂಡು ಮಕಮಲ್ಲಿನ ರವಿಕೆ ತೊಡುತ್ತಾಳೆ. ಊರು ಆಡಿಕೊಳ್ಳುತ್ತದೆ. ಅವಳ ಹಣದ ಮೇಲೆ ಒಬ್ಬನ ಕಣ್ಣು ಬೀಳುತ್ತದೆ. ಕಡೆಗೆ ಮೊಮ್ಮಗ ತಾನಾಗಿ ಅಜ್ಜಿಯ ಬಳಿಗೆ ಬಂದು ಮುರಿದ ಮನೆಯನ್ನು ಕೂಡಿಸುತ್ತಾನೆ. ಆಮೇಲೆ ಮೊಸರಿನ ಗಡಿಗೆ ಸೊಸೆಯ ತಲೆಗೆ ಬರುತ್ತದೆ. ಮಗನ ಮೇಲೆ ಯಾರ ಹಕ್ಕು ಎಂಬ ಅತ್ತೆ ಸೊಸೆಯರ ಹಳೆಯ ವ್ಯಾಜ್ಯವನ್ನು ಮಾಸ್ತಿಯವರು ತೀರ್ಪು ಕೊಡದೆ ಹೇಳಿ ಮುಗಿಸುತ್ತಾರೆ. ನ್ಯಾಯಾಧಿಕಾರ ಚಲಾಯಿಸುತ್ತಿದ್ದ ಅಧಿಕಾರಿ ಕಥೆಯೊಳಗೆ ಮಾತ್ರ ಆ ಪೀಠ ಏರಲಿಲ್ಲ.

ಪುರಾಣದ ಮನುಷ್ಯರು

ಮಾಸ್ತಿಯವರಿಗೆ ಪುರಾಣ ದೂರದ ವಸ್ತುವಲ್ಲ. ಹರಿಕಥೆ, ಗಮಕ, ಭಜನೆಗಳ ನಡುವೆ ಬೆಳೆದ ತಲೆಮಾರು ಅವರದು. 1938ರ 'ಆದಿಕವಿ ವಾಲ್ಮೀಕಿ'ಯಲ್ಲಿ ಅವರು ರಾಮಾಯಣವನ್ನು ಒಬ್ಬ ಮಹಾಕವಿಯ ಕೃತಿಯಾಗಿ ಓದಿದರು. ಭಕ್ತಿಗೆ ಕುಂದಿಲ್ಲದೆ, ಮೂಲದಲ್ಲಿ ಕವಿ ಹೇಳಿದ್ದೇನು, ಮುಂದೆ ಸೇರಿಕೊಂಡದ್ದೇನು ಎಂದು ಅವರು ವಿಚಾರಿಸಿದರು. ಮಹಾಭಾರತವನ್ನು ಕುರಿತ 'ಭಾರತತೀರ್ಥ'ವೂ ಅವರ ಇಂಥದೇ ಶ್ರಮ. ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು 'ಶ್ರೀರಾಮ ಪಟ್ಟಾಭಿಷೇಕ' ಎಂಬ ಕಾವ್ಯವನ್ನೇ ಬರೆದರು.

'ಯಶೋಧರಾ' ನಾಟಕದಲ್ಲಿ ಅವರ ನೋಟ ಬುದ್ಧನಿಗಿಂತ ಹೆಚ್ಚಾಗಿ ಅವನು ಬಿಟ್ಟುಹೋದ ಹೆಂಡತಿಯ ಮೇಲಿದೆ. ಲೋಕ ಕೊಂಡಾಡುವ ತ್ಯಾಗದ ಬೆಲೆಯನ್ನು ಮನೆಯೊಳಗೆ ಯಾರು ತೆತ್ತರು ಎಂಬ ಪ್ರಶ್ನೆ ಅಲ್ಲಿ ಎದ್ದು ನಿಲ್ಲುತ್ತದೆ. 1928ರ ನೀಳ್ಗತೆ 'ಸುಬ್ಬಣ್ಣ'ದ ನಾಯಕ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಪುರಾಣ ಹೇಳುವ ವಿದ್ವಾಂಸರ ಮಗ. ತಂದೆಯ ವೃತ್ತಿ ಪುರಾಣ, ಮಗನ ಒಲವು ಸಂಗೀತ. ಮನೆ ಬಿಟ್ಟು ದೂರದ ಕಲ್ಕತ್ತೆಯವರೆಗೆ ಹೋಗಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು, ತನ್ನ ನಾಡಿಗೆ ಮರಳುವ ಸುಬ್ಬಣ್ಣ ದುಃಖವನ್ನು ಕುಡಿದು ಶಾಂತನಾಗುತ್ತಾನೆ. ತಂದೆ ಓದಿ ಹೇಳುತ್ತಿದ್ದ ವೈರಾಗ್ಯವನ್ನು ಮಗ ಬದುಕಿ ಕಲಿಯುತ್ತಾನೆ.

ಕಥೆ ಹೇಳುವ ಸಂಪ್ರದಾಯದ ಮೇಲೆ ಅವರಿಗಿದ್ದ ಪ್ರೀತಿಗೆ 'ನವರಾತ್ರಿ' ಸಾಕ್ಷಿ. ಇಂಗ್ಲೆಂಡಿನ ಚಾಸರ್ ಕವಿಯ ಯಾತ್ರಿಕರು ದಾರಿ ಸಾಗಲೆಂದು ಕಥೆ ಹೇಳಿದರೆ, ಮಾಸ್ತಿಯವರ ಗೆಳೆಯರು ನವರಾತ್ರಿಯ ಇರುಳುಗಳಲ್ಲಿ ಒಂದೆಡೆ ಸೇರಿ ಒಬ್ಬೊಬ್ಬರಾಗಿ ಕಥನಕವನ ಹೇಳುತ್ತಾರೆ. ಬೊಂಬೆ ಕೂರಿಸಿ, ನೆಂಟರಿಷ್ಟರನ್ನು ಕರೆದು, ತಾಂಬೂಲ ಕೊಡುವ ಹಬ್ಬದ ಹೊತ್ತೇ ಕಥೆಗೂ ಹೊತ್ತಾಯಿತು. ಪರದೇಶದ ಚೌಕಟ್ಟು, ಒಳಗೆ ಮೈಸೂರು ಸೀಮೆಯ ಹಬ್ಬ. ಹ್ಯಾಮ್ಲೆಟ್, ಲಿಯರ್ ಮಹಾರಾಜರನ್ನು ಕನ್ನಡಕ್ಕೆ ತಂದವರೂ, ಟಾಲ್‌ಸ್ಟಾಯ್ ಮತ್ತು ಗಯಟೆ ಅವರ ಬಾಳನ್ನು ಕನ್ನಡದಲ್ಲಿ ಸಣ್ಣಕಥೆಯಾಗಿಸಿದವರೂ ಅವರೇ.

ಅಕ್ಷರ ಕಲಿಯದವರ ಸಂಸ್ಕೃತಿ

1937ರಲ್ಲಿ ಅವರು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಕರ್ನಾಟಕದ ಜನಸಾಮಾನ್ಯರ ಸಂಸ್ಕೃತಿ ಅದರ ವಿಷಯ. ಓದು ಬರಹ ತಿಳಿಯದ ಜನ ಸಂಸ್ಕಾರವಿಲ್ಲದವರು ಎಂಬ ಪಟ್ಟಣದ ಭಾವನೆಗೆ ಆ ಪುಸ್ತಕ ಉತ್ತರದಂತಿತ್ತು. ಶರಣರ ವಚನ, ದಾಸರ ಪದ, ಹಳ್ಳಿಯ ಹಾಡುಗಳ ಮೂಲಕ ಉನ್ನತ ವಿಚಾರಗಳು ಗುಡಿಸಲಿಗೂ ತಲುಪಿದ್ದವು ಎಂಬುದನ್ನು ಕನ್ನಡ ಬಾರದವರಿಗೆ ತಿಳಿಸುವುದು ಅದರ ಉದ್ದೇಶ.

ಇದೇ ಮನೋಧರ್ಮ 1938ರ 'ಕಾಕನಕೋಟೆ' ನಾಟಕದಲ್ಲಿ ಜೀವ ತಳೆಯಿತು. ಹೆಗ್ಗಡದೇವನಕೋಟೆಯ ಕಾಡಿನ ಕುರುಬರು, ಅವರ ದೇವರು, ಹಾಡು, ಹಿರಿಯರ ಮಾತು ಅದರ ಹೂರಣ. ಆ ನಾಟಕದಲ್ಲಿ ಕಾಡಿನ ಮುಖಂಡ ಕಾಚ ಅರಸೊತ್ತಿಗೆಯವರ ಎದುರು ತಲೆ ಎತ್ತಿ ಮಾತನಾಡಬಲ್ಲವನು. ಕಂದಾಯ ವಸೂಲಿಯ ಇಲಾಖೆಯಲ್ಲಿದ್ದವರೇ ಕಂದಾಯದ ಹೊರೆ ಹೊತ್ತವರ ಕಡೆಯಿಂದ ಕಥೆ ಕಟ್ಟಿದ್ದು ಗಮನಾರ್ಹ. 1977ರಲ್ಲಿ ಸಿ.ಆರ್. ಸಿಂಹ ಇದನ್ನು ಚಲನಚಿತ್ರವಾಗಿಸಿದರು. ಅಷ್ಟರಲ್ಲಿ ಕಬಿನಿ ಜಲಾಶಯದ ನೀರು ಕಾಕನಕೋಟೆಯ ಕಾಡಿನ ಒಂದು ಭಾಗವನ್ನು ಮುಳುಗಿಸಿತ್ತು. ಕಾಡು ಹೋದಲ್ಲಿ ಕಥೆ ಉಳಿಯಿತು.

ರಾಜೀನಾಮೆ ಮತ್ತು 'ಜೀವನ'

ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ದುಡಿದು ರಾಜಸೇವಾಪ್ರಸಕ್ತರೆನಿಸಿದ ಮಾಸ್ತಿಯವರು ಸೇವೆಯಿಂದ ಹೊರಬಂದದ್ದು ಸಂತೋಷದಿಂದಲ್ಲ. ತಮಗಿಂತ ಕಿರಿಯರಾದ ಅಧಿಕಾರಿಯೊಬ್ಬರಿಗೆ ಮಂತ್ರಿಪದವಿ ದೊರೆತು ತಮ್ಮನ್ನು ಕಡೆಗಣಿಸಿದಾಗ, 1943ರಲ್ಲಿ ಅವರು ರಾಜೀನಾಮೆ ಕೊಟ್ಟರು. ಮೂರು ದಶಕದ ಸೇವೆ ಹಾಗೆ ಮುಗಿಯಿತು. ಆಗ ಅವರಿಗೆ 52 ವರ್ಷ.

ಬೇರೆಯವರಾಗಿದ್ದರೆ ಕಹಿಯನ್ನು ಮೆಲುಕು ಹಾಕುತ್ತ ಕೂರುತ್ತಿದ್ದರೇನೋ. ಮಾಸ್ತಿಯವರು ಮರುವರ್ಷವೇ 'ಜೀವನ' ಮಾಸಪತ್ರಿಕೆಯ ಹೊಣೆ ಹೊತ್ತರು. ಧಾರವಾಡದ ಗೆಳೆಯರು ಹುಟ್ಟುಹಾಕಿದ್ದ ಆ ಪತ್ರಿಕೆಯನ್ನು 1965ರವರೆಗೆ ಬೆಂಗಳೂರಿನಿಂದ ನಡೆಸಿದರು. ಹೊಸಬರ ಬರಹವನ್ನು ಓದಿದರು, ತಿದ್ದಿದರು, ಅಚ್ಚು ಹಾಕಿದರು. ಅವರು 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಕಾಲದಿಂದಲೂ ಮೈಸೂರು ಮತ್ತು ಧಾರವಾಡದ ಲೇಖಕರ ನಡುವೆ ಸೇತುವೆಯಂತಿದ್ದರು. ಬೇಂದ್ರೆಯವರಿಗೆ ಅವರು ಅಣ್ಣನೇ ಆಗಿದ್ದರು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷ ಸ್ಥಾನವನ್ನು 1950ರ ದಶಕದಲ್ಲಿ ವಹಿಸಿಕೊಂಡರು.

ಅವರ ಮನೆ ಬಸವನಗುಡಿಗೆ ಅಂಟಿದ ಗವಿಪುರದಲ್ಲಿತ್ತು. ಒಂದು ಕಡೆ ಬಂಡೆಯೊಳಗಿನ ಗವಿ ಗಂಗಾಧರೇಶ್ವರ, ಮತ್ತೊಂದು ಕಡೆ ದೊಡ್ಡ ಬಸವಣ್ಣನ ಗುಡಿ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಗವಿಯ ಲಿಂಗವನ್ನು ಮುಟ್ಟುವುದನ್ನು ನೋಡಲು ಜನ ನೆರೆಯುವರು. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಸುತ್ತಲ ಹಳ್ಳಿಗಳ ರೈತರು ಮೊದಲ ಬೆಳೆಯನ್ನು ಬಸವಣ್ಣನಿಗೆ ತರುವರು. ಹಳ್ಳಿ ಪಟ್ಟಣಗಳು ಹೀಗೆ ಒಂದನ್ನೊಂದು ಮುಟ್ಟುವ ಜಾಗವೇ ಅವರ ಕಥೆಗಳ ಜಾಗವೂ ಹೌದು. ಹಣೆಯಲ್ಲಿ ನಾಮ, ಕಚ್ಚೆಪಂಚೆ, ಮುಚ್ಚುಕೋಟು, ಕೈಯಲ್ಲಿ ಕೊಡೆ ಹಿಡಿದು ನಡೆದು ಹೋಗುವ ಮಾಸ್ತಿ ಆ ಬೀದಿಗಳಿಗೆ ಪರಿಚಿತರಾಗಿದ್ದರು. ಸಂಜೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರೊಡನೆ ಇಸ್ಪೀಟು ಆಡುವ ಅಭ್ಯಾಸ ಮುಪ್ಪಿನಲ್ಲೂ ತಪ್ಪಲಿಲ್ಲ. ದೊಡ್ಡ ಲೇಖಕನೆಂಬ ಬಿಗುಮಾನ ಅವರಿಗಿರಲಿಲ್ಲ.

ಮೆಚ್ಚುಗೆ, ಆಕ್ಷೇಪ

ಮಾಸ್ತಿಯವರ ಬರಹಕ್ಕೆ ಆಕ್ಷೇಪಗಳೂ ಬಂದವು. 1940ರ ದಶಕದ ಪ್ರಗತಿಶೀಲ ಲೇಖಕರಿಗೆ ಅವರ ಸಮಾಧಾನ ಒಪ್ಪಿಗೆಯಾಗಲಿಲ್ಲ. ಹಸಿವು, ಜಾತಿಯ ಕ್ರೌರ್ಯ, ಹೆಣ್ಣಿನ ಶೋಷಣೆಗಳನ್ನು ಕಂಡೂ ದನಿ ಏರಿಸದ ಬರಹ ಯಾರ ಪರ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಸ್ತಿಯವರ ಲೋಕದಲ್ಲಿ ಬಾಳಿಗೆ ಒಂದು ಹಿರಿಯ ಇಚ್ಛೆಯ ಕಾವಲಿದೆ, ಕೆಡುಕು ಕಡೆಗೆ ತಣಿಯುತ್ತದೆ. ಎಲ್ಲರ ಅನುಭವ ಹಾಗಿರುವುದಿಲ್ಲ. ಆದರೂ ಅವರ ಕಥೆಗಳನ್ನು ಮತ್ತೆ ಓದಿದಾಗ, ತಣ್ಣನೆಯ ಮಾತಿನ ಕೆಳಗೆ ನೋವು ಕಾಣದಿರುವುದಿಲ್ಲ. ಗಂಡ ಬೇರೊಬ್ಬಳ ಹಿಂದೆ ಹೋದ ಹಳೆಯ ಗಾಯವನ್ನು ಮೊಸರಿನ ಮಂಗಮ್ಮ ಹೇಳಿಕೊಳ್ಳುವ ಬಗೆಯೇ ಇದಕ್ಕೆ ಸಾಕ್ಷಿ.

ಸಮಾಧಾನಿ ಎನಿಸಿಕೊಂಡವರೇ 1956ರಲ್ಲಿ 'ಚಿಕವೀರ ರಾಜೇಂದ್ರ' ಬರೆದರು. 1834ರಲ್ಲಿ ಇಂಗ್ಲಿಷರ ವಶವಾದ ಕೊಡಗಿನ ಕೊನೆಯ ಅರಸನ ಕಾದಂಬರಿ ಅದು. ಕುಡಿತ, ಅನುಮಾನ, ಕ್ರೌರ್ಯಗಳಿಗೆ ತುತ್ತಾದ ದೊರೆ, ಅವನ ನೆರಳಾದ ಕುಂಟ ಬಸವ, ಘನತೆ ಬಿಡದ ರಾಣಿ ಗೌರಮ್ಮ, ನಿಷ್ಠೆ ಮತ್ತು ನಾಡಿನ ಹಿತದ ನಡುವೆ ಸಿಕ್ಕಿದ ಮಂತ್ರಿ ಬೋಪಣ್ಣ, ಇವರೆಲ್ಲರ ಮೂಲಕ ಒಂದು ರಾಜ್ಯ ಒಳಗಿನಿಂದಲೇ ಹೇಗೆ ಕುಸಿಯುತ್ತದೆ ಎಂಬುದನ್ನು ಅವರು ತೋರಿಸಿದರು. ಆಡಳಿತದ ಒಳಹೊರಗನ್ನು ಕಂಡಿದ್ದ ಅಧಿಕಾರಿಯ ಅನುಭವ ಇಲ್ಲಿ ಪೂರ್ತಿ ಫಲಿಸಿತು. ದೊರೆಯ ಮೇಲೆ ಕೂಡ ಅವರು ಕನಿಕರವನ್ನು ಕಳೆದುಕೊಳ್ಳಲಿಲ್ಲ.

ಗೌರವಗಳು ತಡವಾಗಿಯೇ ಆದರೂ ಬಂದವು. 1968ರಲ್ಲಿ ಸಣ್ಣಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1974ರಲ್ಲಿ ಅದೇ ಅಕಾಡೆಮಿಯ ಫೆಲೋಷಿಪ್, 1983ನೆಯ ಸಾಲಿನ ಜ್ಞಾನಪೀಠ. ಕುವೆಂಪು, ಬೇಂದ್ರೆ, ಕಾರಂತರ ನಂತರ ಜ್ಞಾನಪೀಠ ಕನ್ನಡಕ್ಕೆ ನಾಲ್ಕನೆಯ ಸಲ ಬಂದಾಗ ಮಾಸ್ತಿಯವರು ತೊಂಬತ್ತು ದಾಟಿದ್ದರು. ಅಷ್ಟರಲ್ಲಿ ಅವರ ಕೃತಿಗಳ ಸಂಖ್ಯೆ ನೂರನ್ನು ಮೀರಿತ್ತು. 'ಭಾವ' ಎಂಬ ಮೂರು ಸಂಪುಟಗಳಲ್ಲಿ ತಮ್ಮ ಬಾಳಿನ ಕಥೆಯನ್ನೂ ಹೇಳಿದ್ದರು.

1986ರ ಜೂನ್ 6ರಂದು, ತಮ್ಮ 95ನೆಯ ಹುಟ್ಟುಹಬ್ಬದ ದಿನವೇ, ಮಾಸ್ತಿಯವರು ಕಣ್ಮುಚ್ಚಿದರು. ಬಂದ ತಾರೀಖಿಗೇ ಹೊರಟುಹೋದ ಈ ಕೊನೆ ಅವರ ಕಥೆಗಳದೇ ಒಂದರ ಕೊನೆಯಂತಿತ್ತು. ಮಾಸ್ತಿಯ ಹಳೆಯ ಮನೆ ಗ್ರಂಥಾಲಯವಾಯಿತು. ಅವರ ಹೆಸರಿನ ಪ್ರಶಸ್ತಿ ಹುಟ್ಟಿಕೊಂಡಿತು.

ಇಂದು ಬೆಂಗಳೂರಿನ ಮನೆಗಳಿಗೆ ಮೊಸರು ಪೊಟ್ಟಣದಲ್ಲಿ ಬರುತ್ತದೆ. ತಂದುಕೊಡುವವನ ಹೆಸರು ಕೇಳುವಷ್ಟು ಹೊತ್ತು ಯಾರಿಗೂ ಇಲ್ಲ. ಅವನಿಗೂ ಒಂದು ಊರಿರಬಹುದು, ಭೂಪಟ ಗುರುತಿಸದ ಊರು. ಮನೆಯಲ್ಲಿ ಒಂದು ಜಗಳ, ಕಾದು ಕುಳಿತ ಒಬ್ಬ ಅಜ್ಜಿ. ಮಾಸ್ತಿಯವರಾಗಿದ್ದರೆ ಅವನನ್ನು ಒಂದು ಗಳಿಗೆ ಜಗಲಿಯ ಮೇಲೆ ಕೂರಿಸಿ ಮಾತನಾಡಿಸುತ್ತಿದ್ದರು.